ಮುಂಬಾಗಿಲ ರಂಗೋಲಿ

ಐರ್ಲೆಂಡ್
ಶನಿವಾರ, ೩ ಜನವರಿ ೨೦೨೬

ಪ್ರೀತಿಯ ತಂಗಿ ಲಕ್ಕಮ್ಮನಿಗೆ ಅಕ್ಕ ಆದಿಲಕ್ಷ್ಮಮ್ಮನ ಆಶೀರ್ವಾದ.

ಎಲ್ಲರೂ ಬರೆಯುವ ಹಾಗೆ ಮೊದಲ ಸಾಲಿಗೆ ನಾವಿಲ್ಲಿ ಕ್ಷೇಮ ಅಂತ ಬರೆದು, ಆಮೇಲೆ ಹೊಡೆದು ಹಾಕಿದೆ. ಕಾಗದದ ಮೇಲ್ಗಡೆ ಕಾಣುವ ಗೀಚು ಅದೇ. ಗಾಬರಿಯಾಗಬೇಡ. ಯಾರಿಗೂ ಏಟು ಬಿದ್ದಿಲ್ಲ, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇವೆ. ಆದರೆ ಕ್ಷೇಮ ಅನ್ನುವ ಮಾತು ಬರೆಯಲು ಕೈ ಬರಲಿಲ್ಲ. ನನಗೆ ಹೆದರಿಕೆಯಾಗಿದೆ ಲಕ್ಕೂ. ಈ ವಯಸ್ಸಿನಲ್ಲಿ, ಮಗಳ ಮನೆಯಲ್ಲಿ ಕೂತು, ಹಾಡಹಗಲಲ್ಲೇ ಹೆದರಿಕೆ.

ಫೋನಿರುವಾಗ ಇವಳೇನು ಕಾಗದ ಬರೆಯುತ್ತಾಳೆ ಅಂದುಕೊಳ್ಳುತ್ತೀಯ. ಫೋನ್ ಮಾಡಿದಾಗಲೆಲ್ಲ ಕೀರ್ತನ ಪಕ್ಕದಲ್ಲೇ ಇರುತ್ತಾಳೆ. ವಿಡಿಯೊದಲ್ಲಿ ನನ್ನ ಮುಖ ನಿನಗಿಂತ ಮೊದಲು ಅವಳಿಗೆ ಕಾಣುತ್ತದೆ. ಮೊನ್ನೆ ನೀನು ರಂಜಿತಳ ವಿಷಯ ಎತ್ತಿದಾಗ, ಏನೂ ಯೋಚನೆ ಮಾಡಬೇಡ ಅಂದೆನಲ್ಲ, ಆಗ ಅವಳು ನನ್ನ ಎದುರಿಗೆ ಬಟ್ಟೆ ಮಡಚುತ್ತಾ ಕೂತಿದ್ದಳು. ಈ ಕಾಗದ ತರುತ್ತಿರುವವನು ಹೊಸಕೋಟೆಯ ಕೆಂಪರಾಜ್. ಕೀರ್ತನಳ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾನೆ, ಸಂಕ್ರಾಂತಿಗೆ ಊರಿಗೆ ಹೊರಟಿದ್ದಾನೆ. ಕುಂದಾಣಕ್ಕೆ ಬಂದು ನಿನ್ನ ಕೈಗೇ ಕೊಡಬೇಕು ಅಂತ ಹೇಳಿದ್ದೇನೆ. ಅವನಿಗೆ ಊಟ ಹಾಕಿ ಕಳಿಸು. ಒಳ್ಳೆಯವನು, ಆದರೆ ಮಾತು ಜಾಸ್ತಿ, ಏನಾದರೂ ಕೇಳಿದರೆ ಹಬ್ಬದ ಸಾಮಾನಿನ ವಿಷಯ ಬರೆದಿದ್ದಾರೆ ಅನ್ನು.

ನಾವು ಹೊರಟ ದಿನ ಏರ್‌ಪೋರ್ಟಿನ ಬಾಗಿಲಲ್ಲಿ ನೀನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಅಕ್ಕ, ನೀನು ಕಣ್ಣಾರೆ ನೋಡ್ಕೊಂಡು ಹೇಳು. ನೀನು ಹೂಂ ಅಂದ್ರೆ ರಂಜಿತನ್ನ ಕಳಿಸ್ತೀನಿ, ಇಲ್ಲ ಅಂದ್ರೆ ಇಲ್ಲ.” ಕೀರ್ತನ ಇರುವ ಆಸ್ಪತ್ರೆಯವರೇ ನಿನ್ನ ಮಗಳನ್ನೂ ನರ್ಸ್ ಕೆಲಸಕ್ಕೆ ಕರೆದಿದ್ದಾರೆ, ಬರುತ್ತೀನೋ ಇಲ್ಲವೋ ಅಂತ ಅವಳು ಈ ತಿಂಗಳೊಳಗೆ ತಿಳಿಸಬೇಕು. ಗಂಡ ಹೋದ ಮೇಲೆ ಆ ಮನೆಯಲ್ಲಿ ತೀರ್ಮಾನ ಮಾಡುವವಳು ನೀನೊಬ್ಬಳೇ, ನಿನಗೆ ಹೇಳುವವಳು ನಾನೊಬ್ಬಳೇ. ಆದ್ದರಿಂದ ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ. ಸಾವಧಾನವಾಗಿ ಓದು.

ಮನೆ ಹೇಗಿದೆ ಅಂತ ಮೊದಲು ತಿಳಿದುಕೊ. ನಮ್ಮ ವಿಜಯಪುರದ ಹಳೇ ಬೀದಿಗಳ ಹಾಗೆ ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲು, ಮೇಲೊಂದು ಮಹಡಿ. ಆದರೆ ಬೀದಿಯಲ್ಲಿ ನರಪಿಳ್ಳೆ ಕಾಣುವುದಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಎದುರುಮನೆಯಲ್ಲಿ ಒಬ್ಬರು ಅಜ್ಜಿ, ಅವರ ಜೊತೆ ಮಗ. ಮಗನಿಗೆ ನಲವತ್ತರ ಆಸುಪಾಸು, ಮದುವೆಯಿಲ್ಲ, ಮೊದಲು ಯಾವುದೋ ಫ್ಯಾಕ್ಟರಿಯಲ್ಲಿದ್ದನಂತೆ, ಈಗ ಮನೆಯಲ್ಲೇ. ನಾವು ಬಂದ ದಿನ ಅಜ್ಜಿ ಕೇಕ್ ತಂದುಕೊಟ್ಟರು. ನಿನ್ನ ಭಾವ ಸೊಂಟ ಹಿಡಿದುಕೊಂಡು ನಿಂತಿದ್ದು ನೋಡಿ ಮಗ ಸೂಟ್‌ಕೇಸುಗಳನ್ನೆಲ್ಲ ತಾನೇ ಮಹಡಿಗೆ ಹೊತ್ತು ಹಾಕಿದ. ಹಪ್ಪಳ, ಹುರಿಟ್ಟು, ಚಟ್ನಿಪುಡಿ ತುಂಬಿ ಅವು ಎಷ್ಟು ಭಾರ ಇದ್ದವು ಅಂತ ಕಟ್ಟಿದ ನಿನಗೆ ಗೊತ್ತು. ಈ ಜನ ಎಷ್ಟು ಚೆನ್ನ ಅಂದುಕೊಂಡೆ.

ಮಾರನೆಯ ದಿನದಿಂದಲೇ ಕೀರ್ತನ ಬೇಡಗಳ ಪಾಠ ಶುರು ಮಾಡಿದಳು. ಮುಂಬಾಗಿಲ ಮೆಟ್ಟಿಲ ಮೇಲೆ ಕೂರಬೇಡ. ಬಸ್ಸಿನಲ್ಲಿ ಜೋರಾಗಿ ಕನ್ನಡ ಮಾತಾಡಬೇಡ. ಸೀರೆಯ ಮೇಲೆ ಉದ್ದ ಕೋಟು ಹಾಕದೆ ಹೊರಗೆ ಬರಬೇಡ. ಸಂಜೆ ಅಂಗಡಿಗೆ ಹೋಗಬೇಡ. ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಹಾಗಾದರೆ ಮನುಷ್ಯರು ಅಂಗಡಿಗೆ ಹೋಗುವುದು ಯಾವಾಗ ಅಂತ ಕೇಳಿದೆ. ನಾನು ತಂದ ಮಣಿ ತೋರಣವನ್ನು ಒಳಗೆ ಅಡುಗೆಮನೆ ಬಾಗಿಲಿಗೆ ಕಟ್ಟಿದಳು. ಬೀದಿಯಲ್ಲಿ ಎಲ್ಲರ ಕರೆಗಂಟೆಯ ಪಕ್ಕ ಹೆಸರಿದೆ, ಇವಳದು ಖಾಲಿ. ಮುಂಬಾಗಿಲಲ್ಲಿ ಪೋಸ್ಟ್ ಹಾಕುವ ಕಿಂಡಿಗೆ ಒಳಗಿನಿಂದ ದಪ್ಪ ಟೇಪ್ ಅಂಟಿಸಿ ಮುಚ್ಚಿದ್ದಾಳೆ. ಗಾಳಿಗೆ ಅಂತ ತಿಳಿದೆ. ಅವಳೂ ಗಾಳಿಗೆ ಅಂತಲೇ ಹೇಳಿದಳು.

ನನಗೆ ಸಿಟ್ಟು ಬಂತು ಕಣೇ. ರೇಷ್ಮೆ ನೂಲು ಹುರಿ ಮಾಡುವ ಮಿಷನ್ನಿನ ಮುಂದೆ ಹಗಲಿಡೀ ನಿಂತು ಓದಿಸಿದ ಅಪ್ಪ ಅಮ್ಮ ಈಗ ನಾಲ್ಕು ಜನರಿಗೆ ತೋರಿಸಲು ನಾಚಿಕೆಪಡುವಂಥವರಾಗಿಬಿಟ್ಟೆವಾ ಅನ್ನಿಸಿತು. ನಿನ್ನ ಭಾವನ ಹತ್ತಿರ ಹೇಳಿಕೊಂಡೆ. ಆ ಮಿಷನ್ ಸದ್ದಿನಲ್ಲೇ ಬದುಕಿ ಅವರ ಕಿವಿ ಮಂದವಾಗಿರುವುದು ನಿನಗೆ ಗೊತ್ತಲ್ಲ. ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಂಡು, ಮಗು ಚಳಿಗೆ ಹೇಳ್ತಿದೆ ಬಿಡು ಅಂದರು. ನಾನು ಮಗಳ ಮೇಲೆ ಒಳಗೊಳಗೇ ಮುನಿಸಿಕೊಂಡೆ, ಮುನಿಸು ತೋರಿಸಲು ದಾರಿ ಹುಡುಕುತ್ತಿದ್ದೆ.

ಅಷ್ಟರಲ್ಲಿ ಧನುರ್ಮಾಸ ಬಂತು. ನಮ್ಮ ಬೀದಿಯ ಧನುರ್ಮಾಸ ನೀನು ನೋಡಿದ್ದೀಯ, ಬಾಗಿಲಿಗೂ ಬಾಗಿಲಿಗೂ ಪೈಪೋಟಿ, ಸಗಣಿ ಉಂಡೆಯ ಮೇಲೆ ಕುಂಬಳ ಹೂವು. ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ನಾನು ತಪ್ಪಿಸಿಲ್ಲ. ಹೊರಗೆ ರಂಗೋಲಿ ಬೇಡ, ಒಳಗೆ ದೇವರ ಮುಂದೆ ಎಷ್ಟು ಬೇಕಾದರೂ ಹಾಕಿಕೊ ಅಂದಳು ಕೀರ್ತನ. ಧನುರ್ಮಾಸದಲ್ಲಿ ರಂಗೋಲಿ ಇಲ್ಲದ ಬಾಗಿಲು ಸೂತಕದ ಮನೆಯದು. ಮದುವೆಯಾಗಬೇಕಾದ ಮಗಳು ಇರುವ ಮನೆ, ಆ ಬಾಗಿಲನ್ನು ಹೇಗೆ ಬರಿದಾಗಿ ಬಿಡಲಿ? ಅವಳು ಡ್ಯೂಟಿಗೆ ಹೋಗುವುದೂ ಬರುವುದೂ ಹಿತ್ತಿಲ ಬಾಗಿಲಿನಿಂದ, ಬಸ್ ಸ್ಟಾಪ್ ಆ ಕಡೆ ಇದೆ. ಅವಳು ಹೊರಟ ಮೇಲೆ ನಾನು ಮುಂಬಾಗಿಲು ತೆಗೆದು, ಮೆಟ್ಟಿಲ ಮುಂದೆ ಮಳೆ ತಾಗದಷ್ಟು ಜಾಗದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಿದ್ದೆ. ಮಧ್ಯೆ ಅರಿಶಿನ ಕುಂಕುಮ.

ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಎದುರುಮನೆ ಅಜ್ಜಿ ಕಿಟಕಿಯಿಂದ ಕೈ ಎತ್ತಿ ಚೆನ್ನಾಗಿದೆ ಅಂತ ಸನ್ನೆ ಮಾಡುತ್ತಿದ್ದರು. ಒಂದು ದಿನ ಟೋಪಿ ಹಾಕಿದ ಯಾರೋ ಇಬ್ಬರು ನಿಂತು ಫೋನಿನಲ್ಲಿ ಫೋಟೊ ತೆಗೆದುಕೊಂಡರು. ನಾನು ಪರದೆ ಸರಿಸಿ ಅವರಿಗೆ ಕೈ ಬೀಸಿದೆ. ಈಗ ಆ ಫೋಟೊ ಯಾರ ಯಾರ ಫೋನಿನಲ್ಲಿದೆಯೋ.

ಹೊಸ ವರ್ಷಕ್ಕೆ ಮುಂಚಿನ ಸೋಮವಾರ, ಆಗತಾನೆ ಕತ್ತಲಾಗಿತ್ತು. ಕೀರ್ತನ ಡ್ಯೂಟಿಯಿಂದ ಬಂದು ಮಹಡಿಯ ಮೇಲೆ ಸ್ನಾನಕ್ಕೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಫಳ್ ಅಂತ ಸದ್ದಾಯಿತು. ಓಡಿಬಂದು ನೋಡಿದರೆ ಮುಂದಿನ ಕೋಣೆಯ ನೆಲದ ತುಂಬ ಕಿಟಕಿಯ ಗಾಜು. ನಿನ್ನ ಭಾವ ದಿನವೂ ಕೂತು ಟಿವಿ ನೋಡುವ ಕುರ್ಚಿಯ ಮೇಲೆ ಒಂದು ಕಲ್ಲು, ರುಬ್ಬುಗುಂಡಿನ ಅರ್ಧದಷ್ಟಿತ್ತು. ಅವರು ಆಗಷ್ಟೇ ಕೆಳಗಿನ ಬಚ್ಚಲಿಗೆ ಎದ್ದು ಹೋಗಿದ್ದರು. ಬೀದಿ ನೋಡಿದೆ, ಯಾರೂ ಇರಲಿಲ್ಲ.

ಆ ಕಲ್ಲನ್ನು ನಾನು ಕೈಯಲ್ಲಿ ಎತ್ತಿಕೊಂಡು ನಿಂತುಬಿಟ್ಟಿದ್ದೆ. ಕೀರ್ತನ ಒದ್ದೆ ತಲೆಯಲ್ಲೇ ಇಳಿದು ಬಂದು, ಅದನ್ನು ಕೆಳಗಿಡು ಅಮ್ಮ, ಮುಟ್ಟಬಾರದು ಅಂತ ಮೆಲ್ಲಗೆ ಹೇಳಿದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳುವ ದನಿ. ನಿನ್ನ ಭಾವ ಬಚ್ಚಲಿನಿಂದ ಬಂದು, ಏನಾಯ್ತು ಅಂದರು. ಅವರಿಗೆ ಸದ್ದೇ ಕೇಳಿಸಿರಲಿಲ್ಲ. ಹುಡುಗರ ಚೆಂಡು ಬಿತ್ತು ಅಂತ ಹೇಳಿದೆವು. ಈ ಕತ್ತಲೆಯಲ್ಲಿ ಯಾವ ಹುಡುಗರು ಆಡುತ್ತಾರೆ ಅಂತ ಕೇಳಿದರು. ಮಾರನೆಯ ದಿನ ನೋಡಿದರೆ ತಮ್ಮ ಕುರ್ಚಿಯನ್ನು ತಾವೇ ಎಳೆದು ಒಳಗೋಡೆಗೆ ಹಾಕಿಕೊಂಡಿದ್ದರು.

ಪೊಲೀಸಿನ ಹೆಣ್ಣುಮಗಳೊಬ್ಬಳು ಬಂದಳು. ಏನಾದರೂ ನೋಡಿದಿರಾ ಅಂತ ಕೇಳಿದ್ದನ್ನು ಕೀರ್ತನ ನನಗೆ ಕನ್ನಡದಲ್ಲಿ ಕೇಳಿದಳು. ಇಲ್ಲ, ಒಳಗಿದ್ದೆ ಅಂದೆ. ಪೊಲೀಸಿನವಳು ಹೊರಗೆ ಹೋಗಿ ಟಾರ್ಚ್ ಬಿಟ್ಟಾಗ ಬೆಳಕು ನೇರ ರಂಗೋಲಿಯ ಮೇಲೆ ಬಿತ್ತು. ಇದೇನು ಅಂತ ಕೇಳಿದಳು. ಕೀರ್ತನ ರಂಗೋಲಿ ನೋಡಿದಳು, ನನ್ನನ್ನು ನೋಡಿದಳು.

“ಯಾವತ್ತಿಂದ ಹಾಕ್ತಿದೀಯ ಅಮ್ಮ ಇದನ್ನ?” ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎದುರುಮನೆ ಅಜ್ಜಿ ಮನೆಯ ಚಪ್ಪಲಿಯಲ್ಲೇ ಓಡಿಬಂದು ನನ್ನನ್ನು ತಬ್ಬಿಕೊಂಡರು. ಅವರ ಮಗ ಹಲಗೆ, ಸುತ್ತಿಗೆ, ಮೊಳೆ ತಂದು ಒಡೆದ ಕಿಟಕಿಯನ್ನು ಮುಚ್ಚಿಕೊಟ್ಟ. ಗಾಜಿನ ಚೂರೆಲ್ಲ ಗುಡಿಸಿದ. ನಾನು ಕಾಫಿ ಮಾಡಿಕೊಟ್ಟೆ, ಕುಡಿದು ಲೋಟ ತೊಳೆದಿಟ್ಟು ಹೋದ. ಇಂಥ ಜನರೂ ಇಲ್ಲಿದ್ದಾರೆ ಅಂತ ರಂಜಿತಳಿಗೆ ಹೇಳು. ಅವರು ಹೋದ ಮೇಲೆ ನಾನು ಬಕೆಟ್ಟಿನಲ್ಲಿ ನೀರು ತಂದು ರಂಗೋಲಿ ತೊಳೆದೆ. ಹಾಕಿದ ರಂಗೋಲಿಯನ್ನು ನಾನೇ ತೊಳೆದದ್ದು ಅಪ್ಪ ತೀರಿಕೊಂಡ ದಿನ ಬಿಟ್ಟರೆ ಇದೇ ಮೊದಲು.

ಊಟಕ್ಕೆ ಕೂತಾಗ ಕೀರ್ತನ ಎಲ್ಲ ಹೇಳಿದಳು. ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಕೇರಳದ ಹುಡುಗಿಯೊಬ್ಬಳನ್ನು ಕಳೆದ ಬೇಸಿಗೆಯಲ್ಲಿ ಬಸ್ ಸ್ಟಾಪಿನಲ್ಲಿ ಯಾರೋ ಹೊಡೆದು, ನಿಮ್ಮ ದೇಶಕ್ಕೆ ಹೋಗು ಅಂದರಂತೆ. ಡಾಕ್ಟರು ಅವಳ ಮುಖಕ್ಕೆ ಹೊಲಿಗೆ ಹಾಕುವಾಗ ಪಕ್ಕದಲ್ಲಿ ನಿಂತಿದ್ದವಳು ಕೀರ್ತನಳೇ ಅಂತೆ. ಆ ಹುಡುಗಿ ಊರಿಗೆ ವಾಪಸ್ಸು ಹೋದಳು. ಅಂದಿನಿಂದ ಇವಳು ಕರೆಗಂಟೆಯ ಹೆಸರು ಕಿತ್ತಳು. ಪೋಸ್ಟ್ ಕಿಂಡಿಗೆ ಟೇಪ್ ಹಾಕಿದ್ದು ಗಾಳಿಗಲ್ಲ, ಯಾರಾದರೂ ಬೆಂಕಿ ಹಾಕಿದರೆ ಅಂತ. ಈ ಮನೆಯಲ್ಲಿ ಯಾರಿದ್ದಾರೆ ಅಂತ ಬೀದಿಯಲ್ಲಿ ಹೋಗುವವರಿಗೆ ತಿಳಿಯದ ಹಾಗೆ ಮಗಳು ಜೋಪಾನವಾಗಿ ಬದುಕುತ್ತಿದ್ದಳು. ನಾನು ಬಂದು ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ಬರೆದು ತೋರಿಸಿದೆ. ಸುಮ್ಮನಿರಲಾರದವಳು ಇರುವೆ ಬಿಟ್ಟುಕೊಂಡ ಹಾಗೆ. ನಾನು ನಾಚಿಕೆ ಅಂದುಕೊಂಡಿದ್ದೆಲ್ಲ ಹೆದರಿಕೆಯಾಗಿತ್ತು ಲಕ್ಕೂ, ಹೆತ್ತ ನನಗೆ ಅದು ಗೊತ್ತಾಗಲಿಲ್ಲ.

ಕೆಲಸ ಬಿಡು, ನಮ್ಮ ಜೊತೆಯಲ್ಲೇ ಹೊರಟು ಬಾ, ನಮ್ಮೂರ ಪಕ್ಕದ ದೇವನಹಳ್ಳಿಯಲ್ಲಿ ಆಸ್ಪತ್ರೆಗಳಿಲ್ಲವಾ ಅಂತ ಬೇಡಿಕೊಂಡೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿ ಹೇಳಿದ ಮಾತು ಇದು. “ವಿಜಯಪುರದಲ್ಲಿ ಕತ್ತಲಾದ್ಮೇಲೆ ನನ್ನೊಬ್ಳನ್ನೇ ಬಸ್ ಸ್ಟ್ಯಾಂಡಿಗೆ ಯಾವತ್ತಾದ್ರೂ ಕಳಿಸಿದ್ಯಾ ಅಮ್ಮ? ಅಲ್ಲಿ ನನ್ ಬದ್ಲು ನೀನು ಹೆದರ್ಕೋತಿದ್ದೆ. ಇಲ್ಲಿ ನಾನೇ ಹೆದರ್ಕೋತೀನಿ. ಆದ್ರೆ ಹೆದರ್ಕೊಂಡೇ ಹೋಗ್ತೀನಿ, ಬರ್ತೀನಿ.”

ಅವತ್ತಿನಿಂದ ನನಗೆ ಹಗ್ಗವೆಲ್ಲ ಹಾವಾಗಿದೆ. ಹೊರಗೆ ಕಾರಿನ ಬಾಗಿಲು ಹಾಕಿದರೆ ಕಿಟಕಿಯಿಂದ ದೂರ ಸರಿಯುತ್ತೇನೆ. ಕಸದ ಡಬ್ಬ ಗಾಳಿಗೆ ಉರುಳಿದರೆ ನಿನ್ನ ಭಾವನ ತೋಳು ಹಿಡಿದುಕೊಳ್ಳುತ್ತೇನೆ, ಕೇಳಿಸದ ಅವರು ಏನೇ ಅಂತ ನಗುತ್ತಾರೆ. ಕೀರ್ತನ ಬಸ್ ಇಳಿದು ಹಿತ್ತಿಲ ಬಾಗಿಲು ತಟ್ಟುವವರೆಗೆ ಒಲೆಯ ಮೇಲೆ ಏನಿದೆ ಅಂತ ನನಗೆ ಗೊತ್ತಿರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಾವು ಹೊರಡುತ್ತೇವೆ. ಅವಳೊಬ್ಬಳೇ ಉಳಿಯುತ್ತಾಳೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಒಳ್ಳೆಯದನ್ನೂ ಹೇಳಬೇಕು. ಆಸ್ಪತ್ರೆಯಲ್ಲಿ ಕೀರ್ತನಳಿಗೆ ಇರುವ ಮರ್ಯಾದೆ ನೋಡಿದರೆ ನಿನಗೆ ಕಣ್ಣು ತುಂಬುತ್ತದೆ. ಅಂಗಡಿಯಲ್ಲಿ ಒಬ್ಬಾಕೆ ಅವಳನ್ನು ಗುರುತಿಸಿ, ನಮ್ಮಪ್ಪನ ಕೊನೆಗಾಲದಲ್ಲಿ ಕೈ ಹಿಡಿದುಕೊಂಡು ಕೂತಿದ್ದವಳು ನೀನೇ ಅಲ್ಲವಾ ಅಂತ ಅತ್ತುಬಿಟ್ಟಳು. ರಂಜಿತ ಬಂದರೆ ಅಕ್ಕ ತಂಗಿ ಒಂದೇ ಮನೆಯಲ್ಲಿ ಇರುತ್ತಾರೆ, ಒಬ್ಬರಿಗೊಬ್ಬರು ಜೊತೆ. ತಪ್ಪು ಮಾಡಿದ್ದು ನನ್ನ ರಂಗೋಲಿ, ಅದನ್ನು ತೊಳೆದಾಯಿತು. ಎದುರಿಗೇ ಅಜ್ಜಿಯಂಥವರು, ಕರೆದರೆ ಓಡಿಬರುವ ಅವರ ಮಗ ಇದ್ದಾರೆ. ಬುದ್ಧಿ ಹೇಳಿ, ಉದ್ದದ ಕೋಟು ಕೊಡಿಸಿ, ಕಳಿಸು. ನಾನು ಹೂಂ ಅಂದಿದ್ದೇನೆ ಅಂತಲೇ ತಿಳಿ.

ಮೈ ಕಡೆ ನೋಡಿಕೊ, ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ನಿನ್ನ ಭಾವ ನಿನ್ನನ್ನೂ ರಂಜಿತಳನ್ನೂ ಕೇಳಿದರು ಅಂತ ಬರೆ ಅಂದಿದ್ದಾರೆ.

ನಿನ್ನ ಅಕ್ಕ,
ಆದಿಲಕ್ಷ್ಮಮ್ಮ

ಮತ್ತೆ ಬರೆದದ್ದು: ಕಾಗದ ಮಡಚಿ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ ಅಂದವಳು ಒಂದನ್ನು ಬರೆದಿಲ್ಲ.

ಕಲ್ಲು ಬಿದ್ದಾಗ ನಾನು ಅಡುಗೆಮನೆಯಲ್ಲಿ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಪರದೆ ಎಳೆಯಲು ಹೋಗಿ ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ. ದೀಪ ಹಾಕಿರಲಿಲ್ಲ, ಅದಕ್ಕೆ ಅವನಿಗೆ ನಾನು ಕಾಣಲಿಲ್ಲ. ಅವನು ಬೀದಿ ದೀಪದ ಕೆಳಗೆ ಬಂದು, ಆ ಕಡೆ ಈ ಕಡೆ ನೋಡಿ, ಕೈ ಎತ್ತಿ ಎಸೆದು, ಓಡಲಿಲ್ಲ ಕಣೇ, ನಡೆದುಕೊಂಡು ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಎದುರುಮನೆಯ ಅಜ್ಜಿಯ ಮಗ. ಅವನಿಗೆ ಈ ಮನೆಯಲ್ಲಿ ಯಾರಿದ್ದಾರೆ ಅಂತ ತಿಳಿಯಲು ನನ್ನ ರಂಗೋಲಿ ಬೇಕಿರಲಿಲ್ಲ. ಹಾಗಿದ್ದರೂ ನಾನು ತಪ್ಪನ್ನು ರಂಗೋಲಿಯ ಮೇಲೆ ಹಾಕಿಕೊಂಡೆ, ಕೀರ್ತನಳೂ ಅದನ್ನೇ ನಂಬಿದ್ದಾಳೆ. ಯಾಕೆ ಎಸೆದ ಅಂತ ನನಗೆ ಗೊತ್ತಿಲ್ಲ. ಒಂದು ಗಂಟೆಯೊಳಗೆ ಸುತ್ತಿಗೆ ಹಿಡಿದುಕೊಂಡು ಬಂದನಲ್ಲ, ಅವನ ಮುಖ ನೋಡುತ್ತಲೇ ಕಾಫಿ ಕೊಟ್ಟೆ.

ಪೊಲೀಸಿನವಳಿಗೆ ಹೇಳಿದರೆ ಅವನನ್ನು ಒಂದು ದಿನ ಕರೆದುಕೊಂಡು ಹೋಗುತ್ತಾರೆ, ಮರುದಿನ ಬಿಡುತ್ತಾರೆ. ನಾವು ವಿಮಾನ ಹತ್ತಿರುತ್ತೇವೆ. ಅವನ ಬಾಗಿಲಿಗೆ ಎದುರಾಗಿ ನನ್ನ ಮಗಳೊಬ್ಬಳೇ ಇರುತ್ತಾಳೆ. ಅದಕ್ಕೇ ಇಲ್ಲ ಅಂದೆ. ಕೀರ್ತನಳಿಗೂ ಹೇಳಲಿಲ್ಲ, ಅವಳಿಗೆ ಈ ಬೀದಿಯಲ್ಲಿ ನಂಬಿಕೆ ಇರುವುದು ಅದೊಂದೇ ಮನೆಯ ಮೇಲೆ. ಕಳಿಸು ಅಂತ ಮೇಲೆ ಬರೆದದ್ದನ್ನು ನನ್ನ ಹೂಂ ಅಂತ ತಿಳಿಯಬೇಡ. ಬೇಡ ಅಂತಲೂ ನಾನು ಹೇಳುತ್ತಿಲ್ಲ. ಈ ಕಾಗದವನ್ನು ರಂಜಿತಳ ಕೈಗೇ ಕೊಡು, ಪೂರ್ತಿ ಓದಲಿ, ತೀರ್ಮಾನ ಅವಳದು.

ಈಗ ಕೀರ್ತನ ಮಹಡಿಯಿಂದ ಇಳಿದು ಬಂದಳು. ನೀವು ಹೋದ ಮೇಲೆ ಒಬ್ಬಳೇ ಇರುತ್ತೀನಲ್ಲ ಅಮ್ಮ, ಮನೆಯ ಇನ್ನೊಂದು ಬೀಗದಕೈ ಎದುರುಮನೆಯವರ ಹತ್ತಿರ ಇರಲಿ, ಏನಾದರೂ ಆದರೆ ಅವರ ಮಗ ಬಂದು ನೋಡುತ್ತಾನೆ ಅನ್ನುತ್ತಾ ಬೀಗದಕೈ ಹಿಡಿದುಕೊಂಡು ಶೂ ಹಾಕಿಕೊಳ್ಳುತ್ತಿದ್ದಳು. ಹೋಗಬೇಡ, ಕೂತ್ಕೊ ಮಗಾ, ಒಂದು ಮಾತು ಹೇಳಬೇಕು ಅಂದೆ. ಒಂದು ಕಾಲಿಗೆ ಶೂ ಹಾಕಿಕೊಂಡೇ ನನ್ನ ಎದುರಿಗೆ ಕೂತಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.